ಅಜ್ಜಿಯ ಲಿಂಗ, ಮೊಮ್ಮಗಳ ಅಂಗೈ

ನನ್ನ ಮಗಳು ಲಿಂಗ ತೆಗೆದಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ನಾನು ಅವಸರದಲ್ಲಿ ಉಪ್ಪಿಟ್ಟು ಕೆದಕುತ್ತಿದ್ದಾಗ. ಆಗ ಅವಳು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಳು. ಸ್ನಾನ ಮಾಡಿ ಬಂದವಳು ಕೊರಳಿನ ಶಿವದಾರ ಬಿಚ್ಚಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಹಾಗೇ ದೇವರ ಗೂಡಿನಲ್ಲಿಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮ, ನಾನು ಇನ್ಮೇಲೆ ಕಟ್ಕೊಳ್ಳಲ್ಲ."

ದಾರ ಹರಿದಿರಬೇಕು ಅಂದುಕೊಂಡೆ. "ಸಂಜೆ ಗಾಂಧಿಬಜಾರಿಗೆ ಹೋದಾಗ ಹೊಸದು ತರ್ತೀನಿ ಬಿಡು," ಅಂದೆ.

"ದಾರ ಸರಿಯಾಗೇ ಇದೆ. ನಂಗೆ ನಂಬಿಕೆ ಇಲ್ಲ."

ಅವಳ ದನಿಯಲ್ಲಿ ಜಗಳದ ಧಾಟಿ ಇರಲಿಲ್ಲ. ಬಹಳ ದಿನದಿಂದ ಯೋಚನೆ ಮಾಡಿ, ಹೇಳುವುದಕ್ಕೆ ಬೆಳಗಿನ ಗಡಿಬಿಡಿಯ ಹೊತ್ತನ್ನೇ ಆರಿಸಿಕೊಂಡಂತಿತ್ತು. ನಾನು ಮಲವಗೊಪ್ಪದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ವಿನೋಬನಗರದ ನಮ್ಮ ಮನೆಯಿಂದ ಹೊರಟು ಬಸ್ಸು ಹಿಡಿಯುವಷ್ಟರಲ್ಲಿ ನನಗೆ ಯಾರ ನಂಬಿಕೆಯ ಬಗ್ಗೆಯೂ ಮಾತಾಡಲು ಪುರಸೊತ್ತು ಇರುವುದಿಲ್ಲ. "ಸಂಜೆ ಮಾತಾಡೋಣ," ಅಂದು ಬಾಣಲೆ ಇಳಿಸಿದೆ.

ಸಂಜೆ ಮಾತಾಡಿದ್ದು ನನ್ನ ಗಂಡ. ಅವರು ಸರ್ಕಾರಿ ನೌಕರರು, ಸಾಮಾನ್ಯವಾಗಿ ದನಿ ಏರಿಸುವವರಲ್ಲ. ಅವತ್ತು ಏರಿಸಿದರು. "ಲಿಂಗವಂತರ ಮನೆ ಹುಡುಗಿ ಬರೀ ಕೊರಳಲ್ಲಿ ಓಡಾಡೋದು ಅಂದ್ರೆ ಏನರ್ಥ? ಇವತ್ತು ಇದು ಬೇಡ, ನಾಳೆ ಮಠ ಬೇಡ, ನಾಡಿದ್ದು ನೆಂಟರು ಬೇಡ. ಆಮೇಲೆ ನೀನು ಯಾರು?"

"ನಿಮ್ಮ ಮಗಳು," ಅಂದಳು ಅವಳು. "ಅಪ್ಪ, ನೀವು ಕಟ್ಕೊಂಡಿದೀರಿ. ಅದನ್ನ ಕೈಮೇಲಿಟ್ಟು ಕೂತಿದ್ದನ್ನ ಮಾತ್ರ ನಾನು ನೋಡೇ ಇಲ್ಲ. ಈ ಮನೇಲಿ ಹಾಗೆ ಕೂರೋದು ಅಜ್ಜಿ ಒಬ್ಬರೇ. ಅಜ್ಜಿ ಅಷ್ಟು ನಿಜವಾಗಿ ಮಾಡೋದನ್ನ ನಾನು ಸುಳ್ಳುಸುಳ್ಳೇ ಕೊರಳಿಗೆ ಹಾಕ್ಕೊಂಡು ತಿರುಗೋದು ನಂಗೆ ಸರಿ ಕಾಣಲ್ಲ."

ಅವರು ಟವೆಲ್ ಎತ್ತಿಕೊಂಡು ಒಳಗೆ ಹೋದರು. ಆ ಮಾತು ನನಗೂ ತಾಗಿತ್ತು. ನನ್ನ ಪೂಜೆ ಎಂದರೆ ಸ್ನಾನವಾದ ಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿ, ಕುಕ್ಕರ್ ಕೂಗುವುದರೊಳಗೆ ಮತ್ತೆ ಕಟ್ಟಿಕೊಳ್ಳುವುದು. ನಮ್ಮ ತಲೆಮಾರಿನ ಬಹಳ ಜನರದ್ದು ಹೀಗೇ. ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಅತ್ತೆ, ಅಂದರೆ ನನ್ನ ಗಂಡನ ತಾಯಿ, ನಡುಮನೆಯ ದಿವಾನದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಎಪ್ಪತ್ತು ದಾಟಿದ ಜೀವ. ಪೂಜೆಯಾಗದೆ ಗುಟುಕು ನೀರು ಕುಡಿದವರಲ್ಲ. ಅವರು ಅಳುತ್ತಾರೆ ಅಂದುಕೊಂಡಿದ್ದೆ. ಅಳದೆ ಮೊಮ್ಮಗಳನ್ನು ಹತ್ತಿರ ಕರೆದರು.

"ಯಾಕೆ ಮಗಾ, ಏನಾಯ್ತು?"

"ಏನೂ ಆಗಿಲ್ಲ ಅಜ್ಜಿ. ಕಣ್ಮುಚ್ಚಿ ಕೂತ್ರೆ ನಂಗೆ ಏನೂ ಕಾಣಲ್ಲ. ಯಾರೋ ಇದ್ದಾರೆ ಅಂತ ಅನ್ಸೋದೇ ಇಲ್ಲ."

"ನಂಗೂ ಎಲ್ಲಾ ದಿನ ಕಾಣಲ್ಲ ಮಾರಾಯ್ತಿ," ಅಂದರು ಅತ್ತೆ. "ನೀನು ಕದ್ದುಮುಚ್ಚಿ ಮಾಡ್ಲಿಲ್ಲವಲ್ಲ, ಅಷ್ಟು ಸಾಕು," ಅಂದು ಬತ್ತಿ ಹೊಸೆಯುವುದಕ್ಕೆ ತಿರುಗಿದರು. ಆದರೆ ಅವತ್ತು ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ಹೀಗೆ ಕೆಲವು ತಿಂಗಳು ಕಳೆದವು. ಹಬ್ಬಗಳು ಬಂದು ಹೋದವು. ಮಗಳು ಹೋಳಿಗೆಗೆ ಕಣಕ ನಾದಿದಳು, ಅಜ್ಜಿಗೆ ಪತ್ರೆ ಕಿತ್ತು ತಂದುಕೊಟ್ಟಳು, ಪೂಜೆಗೆ ಮಾತ್ರ ಕೂರಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ತರಗತಿಯಲ್ಲಿದ್ದಾಗ ಫೋನು ಬಂತು. ಮಗಳ ದನಿ ಗಟ್ಟಿಯಾಗಿತ್ತು. ಅವಳು ಹೆದರಿದಾಗ ಹಾಗೆ ಗಟ್ಟಿಯಾಗುತ್ತದೆ. "ಅಮ್ಮ, ಅಜ್ಜಿ ಬಾಯಿ ಸೊಟ್ಟಗಾಗಿದೆ. ಎಡಗೈ ಎತ್ತೋಕೆ ಆಗ್ತಿಲ್ಲ. ಪಕ್ಕದ ಮನೆ ಅಂಕಲ್ ಕಾರಲ್ಲಿ ಆಸ್ಪತ್ರೆಗೆ ಹೊರಟಿದೀವಿ. ನೀನು ಸೀದಾ ಅಲ್ಲಿಗೇ ಬಾ."

ನನ್ನ ಗಂಡ ಕೆಲಸದ ಮೇಲೆ ಸಾಗರದ ಕಡೆ ಹೋಗಿದ್ದರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅತ್ತೆಯನ್ನು ಸ್ಕ್ಯಾನಿಂಗಿಗೆ ಒಳಗೆ ಕರೆದೊಯ್ದಿದ್ದರು. ಮಗಳು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಬಲಗೈ ಮುಷ್ಟಿ ಬಿಗಿಯಾಗಿತ್ತು. "ಮೈಮೇಲಿರೋದೆಲ್ಲ ತೆಗೀರಿ ಅಂದ್ರು ಸಿಸ್ಟರ್. ಬಳೆ, ಓಲೆ ಅವರೇ ತೆಗೆದ್ರು. ಇದಕ್ಕೆ ಕೈ ಹಾಕೋಕೆ ಬಂದಾಗ ಅಜ್ಜಿ ತಲೆ ಅಲ್ಲಾಡಿಸಿ ನನ್ನ ನೋಡಿದ್ರು. ನಾನೇ ಬಿಚ್ಚಿದೆ." ಮುಷ್ಟಿ ತೆರೆದಳು. ಅತ್ತೆಯ ಕರಡಿಗೆ, ಹಳೆಯ ಶಿವದಾರದ ಸಮೇತ. "ಎಲ್ಲಿಡಬೇಕೋ ಗೊತ್ತಾಗ್ಲಿಲ್ಲ. ಬ್ಯಾಗಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ."

ಜೀವಕ್ಕೆ ಅಪಾಯವಿಲ್ಲ, ಬೇಗ ಕರೆತಂದದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಅತ್ತೆಯ ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಎಡಗೈ ಮಾತ್ರ ಸುಮ್ಮನೆ ಮಲಗಿಬಿಟ್ಟಿತ್ತು. ವ್ಯಾಯಾಮ ಮಾಡಿಸುತ್ತಾ ಹೋದರೆ ಬರಬಹುದು, ಎಷ್ಟು ಬರುತ್ತದೆ ಅಂತ ಹೇಳಲಾಗದು ಅಂದರು.

ಮನೆಗೆ ಕರೆತಂದ ಮೊದಲ ಬೆಳಿಗ್ಗೆಯೇ ಕಷ್ಟ ಶುರುವಾಯಿತು. ಲಿಂಗಪೂಜೆಯಲ್ಲಿ ಲಿಂಗ ಇರಬೇಕಾದ್ದು ಎಡ ಅಂಗೈಯಲ್ಲಿ. ಬಲಗೈಯಿಂದ ನೀರು, ವಿಭೂತಿ, ಪತ್ರೆ. ಅತ್ತೆ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ಬೆರಳು ಬಿಡಿಸಿದರು, ಲಿಂಗ ಇಟ್ಟರು. ಅಂಗೈ ವಾಲಿತು. ಲಿಂಗ ಸೀರೆಯ ಮಡಿಲಿಗೆ ಉರುಳಿತು. ಮತ್ತೆ ಇಟ್ಟರು, ಮತ್ತೆ ಉರುಳಿತು. ಅತ್ತೆ ಅದನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟರು. ಗಂಜಿ ತಂದರೆ ಬಾಯಿ ತೆರೆಯಲಿಲ್ಲ. ಮಾತ್ರೆಗಳೂ ಹಾಗೇ ಉಳಿದವು.

ನನ್ನ ನಾದಿನಿ ಭದ್ರಾವತಿಯ ಓಲ್ಡ್ ಟೌನಿನಿಂದ ಓಡಿ ಬಂದಿದ್ದಳು. ಅವಳು ಆಚಾರದಲ್ಲಿ ತಾಯಿಗಿಂತ ಒಂದು ಕೈ ಮೇಲು. ನನ್ನ ಮಗಳು ಅವಳನ್ನು ಭದ್ರಾವತಿ ಅತ್ತೆ ಅನ್ನುತ್ತಾಳೆ. "ಅಮ್ಮ, ಚಿಕ್ಕ ಪೀಠ ತರಿಸ್ತೀನಿ. ಅದರ ಮೇಲಿಟ್ಟು ಪೂಜೆ ಮಾಡು," ಅಂದಳು ನಾದಿನಿ.

ಅತ್ತೆ ತೊದಲುತ್ತಲೇ ಸಿಟ್ಟಾದರು. "ಹಲಗೆ ಮೇಲೆ ಇಡೋಕೆ ಇದೇನು ಗುಡಿ ದೇವರಾ? ಅದು ಕೂರೋದು ಕೈಮೇಲೆ."

ನಾದಿನಿ ಇದ್ದಷ್ಟು ದಿನ ಅವಳೇ ಅಂಗೈ ಕೊಟ್ಟಳು. ಅವಳು ಊರಿಗೆ ಮರಳಿದ ಮೇಲೆ ನಾನು ಕೊಟ್ಟೆ. ನಾನು ಎದುರು ಕೂತು ಎಡಗೈ ಚಾಚುವುದು, ಅತ್ತೆ ನನ್ನ ಅಂಗೈಯಲ್ಲಿ ಲಿಂಗವಿಟ್ಟು ಬಲಗೈಯಿಂದ ಪೂಜೆ ಮಾಡುವುದು. ಅವರಿಗೆ ಪೂಜೆಯೆಂದರೆ ನಿಧಾನ. ನನಗೆ ಡಬ್ಬಿ ಕಟ್ಟಬೇಕು, ಬಸ್ಸು ಹಿಡಿಯಬೇಕು. ಒಂದು ದಿನ ಅವರು ನೋಟ ಎತ್ತಿ ನನ್ನ ಮುಖ ನೋಡಿದರು. "ನಿನ್ನ ಕೈ ಬಸ್ ಸ್ಟಾಪಲ್ಲಿದೆ," ಅಂದರು. ಬೈಗುಳವಲ್ಲ ಅದು. ನಿಜವನ್ನೇ ಹೇಳಿದ್ದರು, ನನಗೆ ನಗು ಬಂತು.

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮಗಳು ಅಂದಳು, "ನಾನು ಕೂರ್ಲಾ ಅಜ್ಜಿ?"

ಪೇಪರು ಓದುತ್ತಿದ್ದ ನನ್ನ ಗಂಡ ತಲೆ ಎತ್ತಿದರು. "ನೀನಾ? ಬೇಡ ಅಂತ ತೆಗೆದಿಟ್ಟವಳು?"

"ಈಗಲೂ ಅದನ್ನೇ ಹೇಳ್ತೀನಿ ಅಪ್ಪ. ನಂಗೆ ನಂಬಿಕೆ ಬಂದಿಲ್ಲ. ಅಜ್ಜಿಗೆ ಕೈ ಬೇಕು, ನಂಗೆ ಬೆಳಿಗ್ಗೆ ಕೈ ಖಾಲಿ ಇದೆ."

ಅತ್ತೆ ಅವಳ ಕಡೆ ತಿರುಗಿದರು. "ನಾಳೆ ಸ್ನಾನ ಮಾಡಿ ಬಾ," ಅಂದರು. "ಬಂದು ಸುಮ್ನೆ ಕೂತ್ಕೋ. ನನ್ನ ಖುಷಿಗೆ ಅಂತ ಕಣ್ಮುಚ್ಚೋದು, ಕೈಮುಗಿಯೋದು ಮಾಡ್ಬೇಡ."

ಮರುದಿನ ಅವಳು ಹಾಗೇ ಮಾಡಿದಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ತೋಳು ಸೋಲದ ಹಾಗೆ ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡಳು. ಅತ್ತೆ ಮೊದಲು ಮೊಮ್ಮಗಳ ಅಂಗೈಗೆ ವಿಭೂತಿ ಹಚ್ಚಿದರು, ಆಮೇಲೆ ಲಿಂಗ ಇಟ್ಟರು. ನೀರು ಬೆರಳ ಸಂದಿಯಿಂದ ತಟ್ಟೆಗೆ ತೊಟ್ಟಿಕ್ಕಿತು. ಮಂತ್ರ ತೊದಲಿತು. ಪತ್ರೆ ಏರಿಸಿ, ಆ ಕಪ್ಪು ಹೊಳಪಿನಲ್ಲಿ ಅತ್ತೆ ದೃಷ್ಟಿ ನೆಟ್ಟರು. ಮಗಳು ಕಣ್ಣು ಮುಚ್ಚಲಿಲ್ಲ. ಅವಳು ಅಜ್ಜಿಯ ಮುಖವನ್ನೇ ನೋಡುತ್ತಾ ಕೂತಿದ್ದಳು. ನಾನು ಡಬ್ಬಿ ಕಟ್ಟುತ್ತಾ ಅವರಿಬ್ಬರನ್ನೂ ನೋಡಿದೆ. ಅವತ್ತು ಗಂಜಿಯ ಬಟ್ಟಲು ಖಾಲಿಯಾಯಿತು.

ಅದೇ ದಿನಚರಿಯಾಯಿತು. ಒಂದು ಭಾನುವಾರ ಅವಳ ಗೆಳತಿ ಬಂದಿದ್ದಳು. ಭದ್ರಾವತಿ ನ್ಯೂ ಟೌನಿನ ಹುಡುಗಿ. ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಅಲ್ಲೇ ನೆಲೆಯಾದವರು. ಮನೆಮಂದಿಯೆಲ್ಲ ಚರ್ಚಿಗೆ ಹೋಗುತ್ತಾರೆ. ನಾನು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆ, ಅವರಿಬ್ಬರೂ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಹುರಿದ ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ಇದ್ದೇನೆಂದು ಅವರು ಮಾತು ತಗ್ಗಿಸಲಿಲ್ಲ.

"ಒಂದೊಂದ್ಸಲ ನಾನು ನಾಟಕ ಆಡ್ತಿದೀನೇನೋ ಅನ್ಸುತ್ತೆ ಕಣೇ," ಅಂದಳು ನನ್ನ ಮಗಳು. "ನಂಬಲ್ಲ ಅಂದೋಳು ದಿನಾ ಹೋಗಿ ಕೂರ್ತೀನಿ."

"ನಮ್ಮನೇ ಅಜ್ಜಿ, ಪಾಟಿಗೆ ಕಣ್ಣು ಕಾಣಲ್ಲ. ಬೈಬಲ್ ನಾನೇ ಓದಿ ಹೇಳ್ತೀನಿ. ಓದುವಾಗ ನಂಗೆ ನಂಬಿಕೆ ಇದೆಯಾ ಅಂತ ಅವರು ಯಾವತ್ತೂ ಕೇಳಿಲ್ಲ, ಅಕ್ಷರ ನುಂಗಬೇಡ ಅಂತಾರೆ ಅಷ್ಟೆ."

"ನಿಂಗೆ ಇದೆಯಾ?"

"ದೇವರ ಮೇಲೆ ಇದೆ. ಚರ್ಚಿನ ಆಂಟಿಗಳ ಮೇಲೆ ಇಲ್ಲ," ಅಂದು ಆ ಹುಡುಗಿ ನಕ್ಕಳು. "ಬೆಂಚಲ್ಲಿ ಕೂತ ತಕ್ಷಣ ಮದುವೆ ಯಾವಾಗ, ದುಪಟ್ಟಾ ಎಲ್ಲಿ, ಕ್ವಾಯರಿಗೆ ಹಾಡೋಕೆ ಯಾಕೆ ಬರಲ್ಲ. ದೇವರು ಮಾತ್ರ ಇದ್ದು ಅವರು ಇಲ್ಲದ ಚರ್ಚು ಇದ್ರೆ ಹೇಳು."

"ನಂದು ಉಲ್ಟಾ ಮಾರಾಯ್ತಿ. ನಂಗೆ ಈ ಜನ ಬೇಕು. ಹಬ್ಬ ಬೇಕು, ಅಜ್ಜಿಯ ಹಣೆ ಮೇಲಿನ ವಿಭೂತಿ ವಾಸನೆ ಬೇಕು. ನಂಬಿಕೆ ಇಲ್ಲ ಅಂದ ತಕ್ಷಣ ಅದೆಲ್ಲ ಬಿಟ್ಟು ಆಚೆ ಹೋಗು ಅಂದ್ರೆ ಎಲ್ಲಿಗೆ ಹೋಗ್ಲಿ?"

ಒದ್ದೆ ಲಂಗ ಹಿಂಡುತ್ತಾ ನಾನು ಅದನ್ನು ಕೇಳಿಸಿಕೊಂಡೆ. ಇವಳು ನಮ್ಮಿಂದ ದೂರ ಹೋಗಲು ದಾರಿ ಹುಡುಕುತ್ತಿದ್ದಾಳೆ ಎಂದೇ ಇಷ್ಟು ತಿಂಗಳು ಅಂದುಕೊಂಡಿದ್ದೆ. ನಿಜಕ್ಕೂ ಅವಳು ಸುಳ್ಳು ಹೇಳದೆ ಇಲ್ಲೇ ಉಳಿಯಲು ಜಾಗ ಹುಡುಕುತ್ತಿದ್ದಳು.

ನಾದಿನಿಗೆ ವಿಷಯ ತಿಳಿದದ್ದು ಅವಳು ಮುಂದಿನ ಬಾರಿ ಬಂದಾಗ. ಬಾಗಿಲು ದಾಟುತ್ತಲೇ ಪೂಜೆ ನಡೆಯುತ್ತಿರುವುದು ಕಂಡಿತು. ಪೂಜೆ ಮುಗಿಯುವ ತನಕ ಹಲ್ಲುಕಚ್ಚಿ ನಿಂತಿದ್ದು, ಆಮೇಲೆ ಸ್ಫೋಟಿಸಿದಳು. "ಲಿಂಗ ಕಟ್ಟದ ಕೈಮೇಲೆ ನಮ್ಮಮ್ಮನ ಲಿಂಗವಾ? ದೀಕ್ಷೆ ಪಡೆದವರ ಲಿಂಗ ಇನ್ನೊಬ್ಬರ ಕೈಗೆ ಕೊಡೋದೇ ತಪ್ಪು, ಗತಿಯಿಲ್ಲದೆ ನಾನು ಹಿಡಿದೆ. ಅದನ್ನ ಬೇಡ ಅಂತ ಬಿಸಾಡಿದವಳ ಕೈಗೆ!"

"ಬಿಸಾಡಿಲ್ಲ ಅತ್ತೆ, ದೇವರ ಗೂಡಲ್ಲಿದೆ," ಅಂದಳು ಮಗಳು. ಅದು ಬೆಂಕಿಗೆ ತುಪ್ಪ ಸುರಿದಂತಾಯಿತು.

ನಾದಿನಿ ಮುಂದಿನ ವಾರ ಅಯ್ಯನೋರನ್ನು ಕರೆಸಿದಳು. ನಮ್ಮ ಮನೆಯ ಶುಭಕಾರ್ಯ, ದೀಕ್ಷೆ ಎಲ್ಲವನ್ನೂ ಮಾಡಿಸುತ್ತಿದ್ದವರು ಹಿರಿಯ ಅಯ್ಯನೋರು. ಮಂಡಿನೋವಿನಿಂದ ಅವರು ಈಗ ಓಡಾಡುತ್ತಿಲ್ಲ, ಬದಲಿಗೆ ಮಗ ಬರುತ್ತಾನೆ. ಬಿಕಾಂ ಓದಿದ ಹುಡುಗ, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕಾವಿ ಶಲ್ಯ ಸರಿಮಾಡಿಕೊಂಡು ಒಳಗೆ ಬಂದ. ವಯಸ್ಸು ಎಷ್ಟೇ ಆಗಿರಲಿ, ಬಂದವರು ಅಯ್ಯನೋರು. ನನ್ನ ಗಂಡ ಪಾದಕ್ಕೆ ನೀರು ಕೊಟ್ಟರು, ನಾನು ಹಾಲು ತಂದಿಟ್ಟೆ.

ನಾದಿನಿ ಎಲ್ಲವನ್ನೂ ಹೇಳಿದಳು. ಅಯ್ಯನೋರು ಕೇಳಿಸಿಕೊಂಡು, "ಇದಕ್ಕೆ ಶಾಸ್ತ್ರ ಏನು ಹೇಳುತ್ತೆ ಅಂತ ಅಪ್ಪನ್ನೇ ಕೇಳ್ಬೇಕು. ನಂಗೆ ತಿಳಿದಿರೋದು ಇಷ್ಟು: ಪೂಜೆ ತಪ್ಪಬಾರದು," ಅಂದರು. ಸ್ವಲ್ಪ ಯೋಚಿಸಿ ನನ್ನ ಮಗಳ ಕಡೆ ತಿರುಗಿದರು. "ಒಂದು ಮಾಡಿ. ಅಜ್ಜಿಗೆ ಹುಷಾರಾಗೋ ತನಕ ನೀವೂ ನಿಮ್ಮ ಲಿಂಗ ಕಟ್ಕೊಳ್ಳಿ. ಆಗ ಯಾರಿಗೂ ಮಾತಿರಲ್ಲ."

ನಾದಿನಿಯ ಮುಖ ಸಡಿಲವಾಯಿತು. ನನ್ನ ಗಂಡ ಸಮಾಧಾನದ ಉಸಿರು ಬಿಟ್ಟರು. ನಾನೂ ಮನಸ್ಸಿನಲ್ಲೇ, ಹೂಂ ಅಂದುಬಿಡು ಮಗಳೇ, ಅಂದುಕೊಂಡೆ. ಎಷ್ಟು ಸುಲಭದ ದಾರಿ!

ಅವಳ ಕಣ್ಣು ತುಂಬಿತ್ತು. "ಆಗಲ್ಲ ಅಯ್ಯನೋರೇ. ಕಟ್ಕೊಂಡ್ರೆ ಅದು ಭದ್ರಾವತಿ ಅತ್ತೆಗೋಸ್ಕರ ಕಟ್ಕೊಂಡ ಹಾಗೆ. ಅಜ್ಜಿ ನಂಗೆ ಹೇಳಿದಾರೆ, ನನ್ನ ಖುಷಿಗೆ ಅಂತ ಏನೂ ಮಾಡ್ಬೇಡ ಅಂತ. ನಾನು ಕೂರೋದೇ ಬೇಡ ಅಂದ್ರೆ ಕೂರಲ್ಲ."

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅವರಿಗೆ ಆಗಲೂ ಉದ್ದ ಮಾತು ಕಷ್ಟ. ಬಲಗೈ ಎತ್ತಿ ಮೊಮ್ಮಗಳನ್ನು ತೋರಿಸಿದರು. "ಲಿಂಗ ನಂದು. ಪೂಜೆ ನಂದು. ಕೈ ಇವಳದ್ದು." ಉಸಿರು ತೆಗೆದುಕೊಂಡರು. "ಇವಳು ಕೂರ್ಲಿ."

ನಾದಿನಿ ಎದ್ದಳು. ನಾನು ಎಲೆ ಹಾಕಿದ್ದೆ, ಶ್ಯಾವಿಗೆ ಪಾಯಸ ಮಾಡಿದ್ದೆ. ಅವಳು ಊಟಕ್ಕೆ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿದಳು. ಅಣ್ಣ ಹಿಂದೆ ಹೋಗಿ ಕರೆದರೂ ತಿರುಗಿ ನೋಡಲಿಲ್ಲ.

ಅಯ್ಯನೋರನ್ನು ಗೇಟಿನ ತನಕ ಬಿಡಲು ನಾನೂ ಮಗಳೂ ಹೋದೆವು. ಅವಳು ಇದ್ದಕ್ಕಿದ್ದಂತೆ ಕೇಳಿಬಿಟ್ಟಳು, "ನೀವು ನಂಬ್ತೀರಾ?"

ಆತ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ. "ಕೆಲವು ಮನೆಗಳಲ್ಲಿ ನಂಬ್ತೀನಿ," ಅಂದ. "ನಿಮ್ಮಜ್ಜಿ ಎದುರು ಕೂತ್ರೆ ನಂಬಿಕೆ ತಾನಾಗೇ ಬರುತ್ತೆ. ಕೆಲವು ಮನೆಗಳಲ್ಲಿ ಮಂತ್ರ ಹೇಳ್ತಾ ಗಡಿಯಾರ ನೋಡ್ತಿರ್ತೀನಿ. ಇದನ್ನ ನಾನು ನಿಮ್ಮ ಹಾಗೆ ನಡುಮನೇಲಿ ನಿಂತು ಹೇಳೋಕಾಗಲ್ಲ. ಅಪ್ಪ ಐವತ್ತು ವರ್ಷ ಓಡಾಡಿದ ಮನೆಗಳು ಇವು." ಆಮೇಲೆ ನಕ್ಕು, "ಇಲ್ಲಿಗೆ ಬರೋಕೆ ಮಾತ್ರ ನಂಗೆ ಯಾವತ್ತೂ ಬೇಜಾರಿಲ್ಲ," ಅಂದು ಬೈಕ್ ಹತ್ತಿದ. ಬೀದಿಯ ತಿರುವಿನಲ್ಲಿ ಅವನ ಶಲ್ಯ ಗಾಳಿಗೆ ಹಾರಿತು, ಒಂದು ಕೈಯಲ್ಲಿ ಹಿಡಿದುಕೊಂಡ.

ನಾದಿನಿ ಆ ಚಳಿಗಾಲವಿಡೀ ಬರಲಿಲ್ಲ. ಫೋನು ಮಾಡುತ್ತಿದ್ದಳು, ತಾಯಿಯ ಜೊತೆ ಮಾತ್ರ ಮಾತು. ನನ್ನ ಗಂಡನಿಗೆ ತಂಗಿಯ ಮುನಿಸು ಬಹಳ ನೋವು ತಂದಿತ್ತು. ಆದರೆ ಅವರು ಮಗಳ ಮೇಲೆ ಅದನ್ನು ತೀರಿಸಿಕೊಳ್ಳಲಿಲ್ಲ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಟಿವಿ ಆರಿಸುವುದನ್ನು ರೂಢಿ ಮಾಡಿಕೊಂಡರು. ಒಂದು ದಿನ ತಾವೂ ಸ್ನಾನ ಮಾಡಿ ಬಂದು ತಾಯಿಯ ಪಕ್ಕ ತಮ್ಮ ಲಿಂಗ ಹಿಡಿದು ಕೂತರು. ನಾನು ಇನ್ನೊಂದು ತಟ್ಟೆಯಲ್ಲಿ ಪತ್ರೆ ತಂದಿಟ್ಟೆ.

ಫಿಸಿಯೋಥೆರಪಿಯ ಹೆಣ್ಣುಮಗಳು ಮನೆಗೆ ಬಂದು ಅತ್ತೆಯ ಬೆರಳುಗಳಿಗೆ ಸ್ಪಂಜಿನ ಚೆಂಡು ಹಿಡಿಸುತ್ತಿದ್ದಳು. ಯುಗಾದಿಯ ಹೊತ್ತಿಗೆ ಹಿಡಿತ ಬಂತು. ಮೊದಲು ಅತ್ತೆಯ ಕೈಯಲ್ಲಿ ಲಿಂಗ, ಅದರ ಅಡಿಯಲ್ಲಿ ಮೊಮ್ಮಗಳ ಕೈ. ಆಮೇಲೆ ಒಂದು ಬೆಳಿಗ್ಗೆ ಅತ್ತೆ, "ಬಿಡು, ನೋಡೋಣ," ಅಂದರು. ಅವಳು ಕೈ ಮೆಲ್ಲಗೆ ಕೆಳಗಿಳಿಸಿದಳು. ಅತ್ತೆಯ ಅಂಗೈ ನಡುಗಿತು, ಆದರೆ ವಾಲಲಿಲ್ಲ. ಪೂಜೆ ಮುಗಿಯುವ ತನಕ ನಿಂತಿತು. ನಾನು ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವತ್ತು ನನ್ನ ಬಸ್ಸು ತಪ್ಪಿತು.

ಸಂಜೆ ಮನೆಗೆ ಬಂದಾಗ ಮಗಳು ಮಹಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. "ಅಜ್ಜಿ ಕೈ ಬಂತು ಅಂತ ನಂಗೆ ಎಷ್ಟು ಖುಷಿ ಗೊತ್ತಾ," ಅಂದವಳು ಅಳತೊಡಗಿದಳು. "ನಾಳೆಯಿಂದ ನಂಗೆ ಅಲ್ಲಿ ಕೆಲಸ ಇಲ್ಲ. ನಾನು ಈಗಲೂ ನಂಬಲ್ಲಮ್ಮ. ಮತ್ಯಾಕೆ ಅಳು ಬರ್ತಿದೆ?"

ನಾನು ಅವಳ ಪಕ್ಕದಲ್ಲಿ ಕೂತೆ. ಮರುದಿನ ಬೆಳಿಗ್ಗೆ ಅವಳು ರೂಮಿನಿಂದ ಹೊರಗೆ ಬರದಿದ್ದಾಗ ಅತ್ತೆಯೇ ಕೂಗಿ ಕರೆದರು. "ಕೈ ಬೇಡ ಕಣೇ, ನೀನು ಬಾ. ಕೂರೋಕೆ ಕೈಯೇ ಬೇಕಾ?" ಅವಳು ಹೋಗಿ ಕೂತಳು. ಈಗಲೂ ಕೆಲವು ದಿನ ಕೂರುತ್ತಾಳೆ. ಕೆಲವು ದಿನ ಮುಸುಕು ಹಾಕಿ ಮಲಗುತ್ತಾಳೆ, ಅತ್ತೆ ಕರೆಯುವುದಿಲ್ಲ.

ಬೇಸಿಗೆಯಲ್ಲಿ ಭದ್ರಾವತಿಯಲ್ಲಿ ನೆಂಟರೊಬ್ಬರ ಮನೆಯ ಮದುವೆ ಬಂತು. ಅತ್ತೆಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆವು. ಕಲ್ಯಾಣಮಂಟಪದಲ್ಲಿ ನಾದಿನಿ ಸಿಕ್ಕಳು. ತಾಯಿ ಎಡಗೈಯಿಂದ ತನ್ನ ಕೆನ್ನೆ ಮುಟ್ಟಿದಾಗ ಅವಳು ಆ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ನನ್ನ ಮಗಳ ಜೊತೆ ಮಾತ್ರ ಬಿಗಿಯಾಗಿಯೇ ಇದ್ದಳು.

ಊಟದ ಸಾಲಿನಲ್ಲಿ ಅತ್ತೆ, ನಾದಿನಿ, ಮಗಳು, ನಾನು ಒಟ್ಟಿಗೆ ಕೂತೆವು. ಎದುರು ಸಾಲಿನಲ್ಲಿ ದೂರದ ಸಂಬಂಧದ ಹಿರಿಯ ಹೆಂಗಸೊಬ್ಬರು. ಅವರಿಗೆ ಸುದ್ದಿ ಎಲ್ಲಿಂದಲೋ ಮುಟ್ಟಿತ್ತು. ಮಗಳ ಕೊರಳನ್ನೇ ದಿಟ್ಟಿಸಿ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಏನಮ್ಮ, ನೀನು ಲಿಂಗ ತೆಗೆದುಬಿಟ್ಟಿದೀಯಂತೆ? ಹಾಗಾದ್ರೆ ನೀನು ನಮ್ಮವಳು ಹೌದೋ ಅಲ್ವೋ?" ಅಂದರು.

ಬಡಿಸುವವರ ಬಕೆಟ್ಟು ಅಲ್ಲೇ ನಿಂತಿತು. ಮಗಳು ತಲೆ ತಗ್ಗಿಸಿ ಎಲೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ನಾದಿನಿ ಮಾತಾಡಿದಳು.

"ಅವಳು ನಮ್ಮಮ್ಮನ ಲಿಂಗವನ್ನ ತಿಂಗಳುಗಟ್ಟಲೆ ಅಂಗೈಮೇಲೆ ಹೊತ್ತವಳು. ಯಾರವಳು ಅಂತ ನಮ್ಮನ್ನ ಕೇಳ್ಬೇಕಾ? ಊಟ ಮಾಡ್ರಿ, ಅನ್ನ ಆರಿ ಹೋಗುತ್ತೆ."

ಆ ಹೆಂಗಸು ಪಲ್ಯಕ್ಕೆ ಕೈ ಹಾಕಿದರು. ಬಕೆಟ್ಟು ಮುಂದೆ ಸರಿಯಿತು. ಮಗಳು ನಿಧಾನವಾಗಿ ಕತ್ತು ತಿರುಗಿಸಿ ಭದ್ರಾವತಿ ಅತ್ತೆಯನ್ನು ನೋಡಿದಳು. ನಾದಿನಿ ಅವಳ ಕಡೆ ನೋಡದೆ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಮೆಲುದನಿಯಲ್ಲಿ ಗೊಣಗಿದಳು: "ಆದ್ರೂ ಕಟ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ ಕಾಣೆ."

"ಅತ್ತೆ..." ಅಂದಳು ಮಗಳು, ನಗು ಬಂದು ತಡೆದುಕೊಳ್ಳಲಾಗದೆ.

"ಏನ್ ಅತ್ತೆ? ತುಪ್ಪ ಹಾಕಿಸ್ಕೋ. ಒಣಗಿದ ಕಡ್ಡಿ ಆಗಿದೀಯ," ಅಂದು ಬಡಿಸುವವನನ್ನು ಕೂಗಿ ನಿಲ್ಲಿಸಿ, ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು.